ಷಡ್ಡಕನ ನಲವತ್ತೆರಡು ರಿವೆಟ್ಟು

ಇಪ್ಪತ್ತಾರು ವರ್ಷದಿಂದ ಮೇಸ್ತ್ರಿಗೆ ಆ ಫೋಟೋ ಕಂಡರೆ ಆಗದು. ಅತ್ತೆಮನೆಯ ಹಜಾರದಲ್ಲಿ, ಒಳಗೆ ಕಾಲಿಟ್ಟವರ ಕಣ್ಣು ಮೊದಲು ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲೇ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದಾರೆ. ಫೋಟೋದಲ್ಲಿ ರೈಲ್ವೆ ಸೇತುವೆಯ ಒಂದು ಉಕ್ಕಿನ ಜಾಯಿಂಟು. ಅದರ ಮುಂದೆ ರಿವೆಟ್ ಗನ್ನನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಮೂವತ್ತೆರಡೂ ಹಲ್ಲು ಬಿಟ್ಟಿರುವ ಷಡ್ಡಕ, ಅಂದರೆ ಮೇಸ್ತ್ರಿಯ ಹೆಂಡತಿಯ ತಂಗಿಯ ಗಂಡ. ಫೋಟೋದ ಬಲತುದಿಯಲ್ಲಿ ಪ್ಲೇಟಿನ ಹಿಂದಿನಿಂದ ಒಂದು ಮೊಣಕೈ ಮಾತ್ರ ಹೊರಗೆ ಚಾಚಿಕೊಂಡಿದೆ. ಆ ಮೊಣಕೈ ಮೇಸ್ತ್ರಿಯದು.

ಮೊದಮೊದಲು ಬಂದವರಿಗೆಲ್ಲ ಅವನು ಅದನ್ನು ತೋರಿಸುತ್ತಿದ್ದ. "ಅಲ್ಲಿ ನೋಡಿ, ಆ ಕೈ ನಂದು." ಬಂದವರು ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, "ಹೌದಾ? ನಾವು ಯಾವುದೋ ಪೈಪು ಅಂದ್ಕೊಂಡಿದ್ವಿ" ಅನ್ನುತ್ತಿದ್ದರು. ಆಮೇಲೆ ತೋರಿಸುವುದನ್ನು ಬಿಟ್ಟ.

ಆಗೆಲ್ಲ ರಿವೆಟ್ಟು ಕೂರಿಸುವುದೆಂದರೆ ಇಬ್ಬರ ಕೆಲಸ. ಕೆಂಪಗೆ ಕಾದ ರಿವೆಟ್ಟನ್ನು ತೂತಿಗೆ ತೂರಿಸಿದ ಮೇಲೆ ಒಬ್ಬ ಪ್ಲೇಟಿನ ಹಿಂದೆ ನಿಂತು, ಡಾಲಿ ಎಂಬ ಭಾರದ ಕಬ್ಬಿಣದ ಗುಂಡನ್ನು ರಿವೆಟ್ಟಿನ ತಲೆಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬ ಮುಂದೆ ನಿಂತು, ಬಾಲದ ಕಡೆಯಿಂದ ಗನ್ನಿನಲ್ಲಿ ಬಡಿದು ಅಲ್ಲೂ ಒಂದು ತಲೆ ಮೂಡಿಸಬೇಕು. ಆರುತ್ತ ಆರುತ್ತ ರಿವೆಟ್ಟು ಕುಗ್ಗಿ ಎರಡು ಪ್ಲೇಟನ್ನೂ ಅವುಚಿ ಹಿಡಿಯುತ್ತದೆ. ಬಡಿಯುವವನಿಗೆ ಗಾಳಿಯುಂಟು, ಬೆಳಕುಂಟು, ಕೆಳಗೆ ಹರಿಯುವ ನದಿಯುಂಟು, ನಿಂತು ನೋಡುವ ಜನರುಂಟು. ಹಿಡಿಯುವವನಿಗೆ ಮುಂದೆಯೂ ಉಕ್ಕು, ಬೆನ್ನಿಗೂ ಉಕ್ಕು. ಷಡ್ಡಕ ಬಡಿಯುತ್ತಿದ್ದ, ಮೇಸ್ತ್ರಿ ಹಿಡಿಯುತ್ತಿದ್ದ. ಗ್ಯಾಂಗಿನವರು ಒಬ್ಬನಿಗೆ 'ಒಂದೇಟು' ಎಂದು ಹೆಸರಿಟ್ಟರು, ಇನ್ನೊಬ್ಬನಿಗೆ 'ಹಿಂಬದಿ' ಎಂದು. ಹೆಸರಿಡುವವರಿಗೇನು, ಹೊತ್ತು ತಿರುಗುವವನಿಗೆ ಗೊತ್ತು ಅದರ ಭಾರ.

ಆ ಫೋಟೋ ತೆಗೆದ ದಿನ ಕ್ರೇನಿನ ಕೊಕ್ಕೆ ತಗುಲಿ ಸೇತುವೆಯ ನಾಲ್ಕನೆಯ ಕಣ್ಣಿನಲ್ಲಿ, ಅಂದರೆ ಎರಡು ಕಂಬಗಳ ನಡುವಿನ ಭಾಗದಲ್ಲಿ, ಒಂದು ಜಾಯಿಂಟು ಜಖಂ ಆಗಿತ್ತು. ಮೇಲ್ ಗಾಡಿ ಬರುವುದರೊಳಗೆ ಹೊಸ ಪ್ಲೇಟು ಹಾಕಿ ನಲವತ್ತೆರಡು ರಿವೆಟ್ಟು ಕೂರಿಸಬೇಕು. ಎರಡು ಗಂಟೆ ಹತ್ತು ನಿಮಿಷದಲ್ಲಿ ಇಬ್ಬರೂ ಕೂಡಿ ಮುಗಿಸಿದರು. ಗಾಡಿ ಒಂದು ನಿಮಿಷವೂ ನಿಲ್ಲದೆ ದಾಟಿತು. ಮಾರನೆಯ ದಿನದ ಪತ್ರಿಕೆಯಲ್ಲಿ ಒಂದೇಟು ಒಬ್ಬನೇ ಮುಗಿಸಿದ್ದ.

ಆಮೇಲೆ ಒಂದೇಟು ಸೇತುವೆ ಬಿಟ್ಟು, ಹಳೆಯ ಬಾಯ್ಲರ್ ರಿಪೇರಿ ಮಾಡುವ ಕಾರ್ಖಾನೆಗೆ ಹೋದ. ಮೇಸ್ತ್ರಿ ಸೇತುವೆಯಲ್ಲೇ ಉಳಿದು, ಹಿಡಿಯುವವನಿಂದ ನೋಡುವವನಾದ, ನೋಡುವವನಿಂದ ಮೇಸ್ತ್ರಿಯಾದ. ರಿವೆಟ್ಟಿನ ತಲೆಯ ಒಂದು ಬದಿಗೆ ಎಡಗೈಯ ತೋರುಬೆರಳಿಟ್ಟು, ಇನ್ನೊಂದು ಬದಿಗೆ ಪುಟ್ಟ ಸುತ್ತಿಗೆಯಿಂದ ಒಂದು ಪೆಟ್ಟು. ಗಟ್ಟಿ ಇದ್ದರೆ ಬೆರಳಿಗೆ ಏನೂ ತಿಳಿಯದು. ಸಡಿಲ ಇದ್ದರೆ ಒಂದು ಕಂಪನ. ಸುಮ್ಮನೆ ನೋಡಿದವರಿಗೆ ಆಟದ ಹಾಗೆ ಕಾಣುವ ಈ ಕೆಲಸದಲ್ಲಿ ಆ ವಲಯಕ್ಕೆಲ್ಲ ಅವನ ಬೆರಳಿನದೇ ಕೊನೆಯ ಮಾತು.

ಈಗ ಆ ನೂರಾ ಹನ್ನೆರಡು ವರ್ಷದ ಸೇತುವೆಯ ಮೇಲೆ ಹಿಂದಿನ ಒಂದೂವರೆಯಷ್ಟು ತೂಕದ ಗೂಡ್ಸ್ ಗಾಡಿಗಳನ್ನು ಓಡಿಸುವುದೆಂದು ತೀರ್ಮಾನವಾಗಿತ್ತು. ಸೇತುವೆ ಹಳೆಯದು, ಚಂದದ್ದು, ಕೆಡವಲು ಯಾರಿಗೂ ಮನಸ್ಸಿಲ್ಲ. ಅದಕ್ಕೇ ಸೊರಗಿದ ಕಡೆ ಹೊಸ ಪ್ಲೇಟು ಹೊದಿಸಿ, ಸಡಿಲಾದ ರಿವೆಟ್ಟು ತೆಗೆದು ಬಿಗಿ ಬೋಲ್ಟು ಹಾಕಿ ಬಲಪಡಿಸುವ ಕೆಲಸ ಏಳು ತಿಂಗಳಿಂದ ನಡೆದಿತ್ತು. ನೋಡಿಕೊಳ್ಳಲು ಬಂದವಳು ಒಬ್ಬ ಇಂಜಿನಿಯರ್. ಮೂವತ್ತೈದು ದಾಟದ ಹೆಣ್ಣುಮಗಳು, ಮಾತು ಕಡಿಮೆ, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಒಂದು ಜಾಯಿಂಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ರಿವೆಟ್ಟು ಸಡಿಲವಿದ್ದರೆ ಆ ಜಾಯಿಂಟಿನ ಎಲ್ಲ ರಿವೆಟ್ಟನ್ನೂ ಕಿತ್ತು ಬೋಲ್ಟು, ಇಲ್ಲದಿದ್ದರೆ ಹಾಗೇ ಬಿಡುವುದು ಎಂಬುದು ಅವಳು ಮಾಡಿದ ನಿಯಮ.

ಎಲ್ಲ ಸರಿಯಾಗಿಯೇ ಇತ್ತು, ಆ ಭಾನುವಾರ ಒಂದೇಟು ಅತ್ತೆಮನೆಗೆ ಒಂದು ಕಾಗದ ಹಿಡಿದುಕೊಂಡು ಬರುವ ತನಕ.

"ಓದಿ, ಓದಿ, ಇನ್ನೊಂದ್ಸಲ ಓದಿ," ಅಂದರು ಅತ್ತೆ. ಎಂಬತ್ತು ವರ್ಷ, ಕಿವಿ ಸ್ವಲ್ಪ ದೂರ, ಆದರೆ ಬೇಕಾದದ್ದು ಮಾತ್ರ ಸ್ಪಷ್ಟವಾಗಿ ಕೇಳುವ ಕಿವಿ.

ಚಿಕ್ಕ ಮಗಳು ಗಂಡನ ಕೈಯಿಂದ ಕಾಗದ ಕಿತ್ತುಕೊಂಡು ಓದಿದಳು. ಇಂಜಿನಿಯರ್ ಕಚೇರಿಯ ಪತ್ರ. ಹಳೆಯ ಕಡತದಲ್ಲಿ ತಮ್ಮ ಫೋಟೋ ನೋಡಿ ಸಂತೋಷವಾಯಿತು. ನಾಲ್ಕನೆಯ ಕಣ್ಣಿನ ಆ ಜಾಯಿಂಟು ಪರೀಕ್ಷೆಯಲ್ಲಿ ಗಟ್ಟಿಯೆಂದು ಕಂಡುಬಂದಲ್ಲಿ ಅದನ್ನು ಇದ್ದಂತೆಯೇ ಉಳಿಸಿ, ತಮ್ಮ ಹೆಸರಿನ ಒಂದು ಫಲಕ ಹಾಕಬೇಕೆಂದಿದ್ದೇವೆ. ಮೊದಲ ಭಾರದ ಗಾಡಿ ದಾಟುವ ದಿನ ತಾವು ಕುಟುಂಬ ಸಮೇತ ಬರಬೇಕು.

"ಫಲಕ!" ಅಂದರು ಅತ್ತೆ. "ಕಲ್ಲಿಂದಾ, ಹಿತ್ತಾಳೇದಾ?"

"ಅದೆಲ್ಲ ಬರೆದಿಲ್ಲಮ್ಮ."

"ಹಿತ್ತಾಳೇದೇ ಇರುತ್ತೆ. ಕೇಳಿದ್ರಾ ದೊಡ್ಡ ಅಳಿಯಂದ್ರೇ? ನೀವಂತೂ ಅಲ್ಲೇ ಇರ್ತೀರಿ. ಅವತ್ತು ನಮಗೆಲ್ಲ ಮುಂದ್ಗಡೆ ಒಂದು ಒಳ್ಳೆ ಜಾಗ ಹಿಡಿದಿಡಿ. ಹಿಡಿಯೋದು ನಿಮಗೆ ಅಭ್ಯಾಸ ಇದೆಯಲ್ಲ."

ಮನೆಯೆಲ್ಲ ನಕ್ಕಿತು. ಒಂದೇಟು ಮಾತ್ರ ನಗದೆ, "ಅಣ್ಣ ಇಲ್ದಿದ್ರೆ ಅದು ಆಗ್ತಿರ್ಲಿಲ್ಲ ಅತ್ತೆ" ಅಂದ. ಅಷ್ಟು ಅಂದದ್ದೇ ಮೇಸ್ತ್ರಿಗೆ ಇನ್ನೂ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವನಿಗೆ ಏನು ಮಾಡುವುದು? ಚಹಾದ ಲೋಟದೊಳಗೆ ಮುಖ ಹುದುಗಿಸಿಕೊಂಡು ಕುಳಿತ. ಫಲಕದ ಅಕ್ಷರಗಳು ಎಷ್ಟು ದಪ್ಪ ಇರಬಹುದು, ಓಡುವ ರೈಲಿನಿಂದಲೂ ಕಾಣುತ್ತವೋ ಹೇಗೆ ಎಂದು ಲೆಕ್ಕ ಹಾಕಿದ. ಕಂಡೇ ಕಾಣುತ್ತವೆ ಅನಿಸಿತು.

ದಾರಿಯಲ್ಲಿ ಹೆಂಡತಿ ಕೇಳಿದಳು, "ರೀ, ಯಾಕೆ ನಿಮ್ಮ ಮುಖ ಹಾಲುಕ್ಕಿದ ಒಲೆ ಥರ ಆಗಿದೆ?"

"ನನ್ನ ಮುಖ ಇರೋದೇ ಹಾಗೆ."

"ಇಲ್ಲ, ಬೆಳಿಗ್ಗೆ ಬರೋವಾಗ ಒಲೆ ಆರಿತ್ತು."

ಪತ್ರದ ಒಂದೇ ಒಂದು ಸಾಲು ಅವನ ತಲೆಯಲ್ಲಿ ನೊಣದ ಹಾಗೆ ಸುತ್ತುತ್ತಿತ್ತು. ಪರೀಕ್ಷೆಯಲ್ಲಿ ಗಟ್ಟಿಯೆಂದು ಕಂಡುಬಂದಲ್ಲಿ. ಆ ಪರೀಕ್ಷೆ ಮಾಡುವವನು ಯಾರು? ಬೇರೆ ಯಾರೂ ಅಲ್ಲ.

ಬುಧವಾರ ನಾಲ್ಕನೆಯ ಕಣ್ಣಿನ ಸರದಿ ಬಂತು. ಜಾಯಿಂಟಿನ ಪಕ್ಕಕ್ಕೆ ಕೊಳವೆಗಳ ಅಟ್ಟಣಿಗೆ ಕಟ್ಟಿದ್ದರು. ಮೇಸ್ತ್ರಿ ಸೊಂಟಕ್ಕೆ ಬೆಲ್ಟು ಬಿಗಿದು ಹತ್ತಿದ. ಹಿಂದೆಯೇ ಇಂಜಿನಿಯರ್, ಕೈಯಲ್ಲಿ ರಿವೆಟ್ಟಿನ ಲೆಕ್ಕದ ಪುಸ್ತಕ. ಕೆಳಗೆ ಹಳದಿ ಬಣ್ಣದ ಡಬ್ಬಿ ಹಿಡಿದು ಗ್ಯಾಸ್ ಕಟರ್‌ನವನು ನಿಂತಿದ್ದ; ಹೊತ್ತು ಗೊತ್ತಿಲ್ಲದೆ ಶಿಳ್ಳೆ ಹಾಕುತ್ತಿದ್ದುದರಿಂದ ಅವನನ್ನು ಎಲ್ಲರೂ 'ಸೀಟಿ' ಅನ್ನುತ್ತಿದ್ದರು.

ಮೊದಲ ರಿವೆಟ್ಟಿಗೆ ಬೆರಳಿಟ್ಟು ಬಡಿದ. ಬಂಡೆ. ಎರಡನೆಯದು, ಬಂಡೆ. ಮೂರು, ನಾಲ್ಕು, ಐದು. ಆಗ ಹೀಗೆ ಕೂರಿಸಿದ್ದೆವಲ್ಲ ಎಂದು ಒಂದು ಗಳಿಗೆ ಅವನಿಗೇ ಹೆಮ್ಮೆಯಾಯಿತು. ಮರುಗಳಿಗೆ ಆ ಹೆಮ್ಮೆಯ ಮೇಲೆ ಒಂದು ಹಿತ್ತಾಳೆ ಫಲಕ ಬಂದು ಕುಳಿತಿತು. ಅದರ ಮೇಲೆ ಬೇರೆಯವನ ಹೆಸರು.

ಆರನೆಯ ರಿವೆಟ್ಟಿಗೆ ಬಡಿದ. ಅದೂ ಬಂಡೆಯೇ.

"ಸಡಿಲ," ಅಂದ.

ಹೇಳಿದ ಮೇಲೆ ಅವನೇ ಸ್ವಲ್ಪ ಬೆಚ್ಚಿದ. ಸೇತುವೆ ಬೀಳಲಿಲ್ಲ, ಇಂಜಿನಿಯರ್ ತಲೆ ಎತ್ತಲಿಲ್ಲ, ಸೀಟಿಯ ಶಿಳ್ಳೆಯೂ ನಿಲ್ಲಲಿಲ್ಲ. ಇಷ್ಟು ಸುಲಭವೇ ಅನಿಸಿತು. ನಲವತ್ತೆರಡರಲ್ಲಿ ಕಾಲು ಭಾಗ ಹತ್ತೂವರೆ. ಅಂದರೆ ಹನ್ನೊಂದು ಬೇಕು. ಒಂದೇ ಕಡೆ ಹೇಳಿದರೆ ಅನುಮಾನ ಬಂದೀತೆಂದು ಅಲ್ಲೊಂದು ಇಲ್ಲೊಂದು ಆರಿಸಿ ಸರಿಯಾಗಿ ಹನ್ನೊಂದು ಹೇಳಿದ. ಸೀಟಿ ಮೇಲೆ ಬಂದು ಒಂದೊಂದರ ಸುತ್ತ ಹಳದಿ ಬಳೆ ಬರೆದ.

ಇಂಜಿನಿಯರ್ ಕೂಡಿಸಿ ನೋಡಿ ನಿಟ್ಟುಸಿರಿಟ್ಟಳು. "ಛೆ. ಇದೊಂದು ಉಳಿಯುತ್ತೆ ಅಂತ ಆಸೆ ಇತ್ತು. ಇನ್ನೊಂದ್ಸಲ ನೋಡ್ತೀರಾ ಮೇಸ್ತ್ರಿಗಳೇ?"

"ಬೇಕಾದ್ರೆ ನೋಡ್ತೀನಿ."

"ಬೇಡ ಬಿಡಿ. ನಿಮ್ಮ ಬೆರಳು ಹೇಳಿದ ಮೇಲೆ ಮುಗೀತು."

ಆ ಮಾತು ಕೇಳಿ ಬೆರಳು ಒಂದು ಕ್ಷಣ ತಣ್ಣಗಾಯಿತು. ಆದರೆ ಸಂಜೆ ಮನೆಗೆ ನಡೆದು ಹೋಗುವಾಗ ಅವನ ಹೆಜ್ಜೆಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಕೈಕಾಲು ತೊಳೆದು, ಒಂದು ಹಾಡನ್ನೂ ಗುನುಗಿದ. "ಏನ್ರೀ, ಒಲೆ ಆರ್ತಾ?" ಎಂದು ಹೆಂಡತಿ ಕೇಳಿದ್ದಕ್ಕೆ, "ಪಾಪ, ಒಂದೇಟಿನ ಜಾಯಿಂಟು ಸಡಿಲ ಬಂತು" ಅಂದ. ಆ 'ಪಾಪ'ದಲ್ಲಿ ಎಷ್ಟು ಸಕ್ಕರೆಯಿತ್ತೆಂದರೆ ಅವಳು ತಿರುಗಿ ನೋಡಿದಳು.

ಭಾನುವಾರ ಅತ್ತೆಮನೆಯಲ್ಲಿ ಈ ಸುದ್ದಿಯನ್ನು ಹೇಗೆ ಹೇಳಬೇಕೆಂದು ಅವನು ಮೂರು ದಿನ ಅಭ್ಯಾಸ ಮಾಡಿದ್ದ. ದನಿಯಲ್ಲಿ ಬೇಸರ ಇರಬೇಕು, ಆದರೆ ಜಾಸ್ತಿ ಬೇಡ. ತಲೆ ಸ್ವಲ್ಪ ಅಲ್ಲಾಡಿಸಬೇಕು.

"ಏನ್ಮಾಡೋದು ಅತ್ತೆ, ಹನ್ನೊಂದು ರಿವೆಟ್ಟು ಸಡಿಲ ಬಂತು. ನಾಳೆ ಎಲ್ಲಾ ಕೀಳ್ತಾರೆ. ಫಲಕ ಇಲ್ಲ," ಅಂದ, ತಲೆಯನ್ನು ಅಭ್ಯಾಸ ಮಾಡಿದಷ್ಟೇ ಅಲ್ಲಾಡಿಸಿ.

ಒಂದೇಟು ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಅತ್ತೆ ಫೋಟೋ ನೋಡಿದರು, ಚಿಕ್ಕ ಅಳಿಯನನ್ನು ನೋಡಿದರು, ಆಮೇಲೆ ದೊಡ್ಡ ಅಳಿಯನ ಕಡೆ ತಿರುಗಿದರು. ಸೇತುವೆಯ ವಿಷಯದಲ್ಲಿ ಆಕೆಗೆ ಗೊತ್ತಿದ್ದುದೆಲ್ಲ ಅಳಿಯಂದಿರು ಊಟದ ಹೊತ್ತಿಗೆ ಆಡಿದ ಮಾತು ಮಾತ್ರ. ಆದರೆ ಇಪ್ಪತ್ತಾರು ವರ್ಷ ಕೇಳಿದ ಮಾತು.

"ಅಲ್ಲ, ಹಿಂದ್ಗಡೆ ಹಿಡಿದೋನು ಸರಿಯಾಗಿ ಒತ್ತಿ ಹಿಡೀಲಿಲ್ಲ ಅಂದ್ರೆ ರಿವೆಟ್ಟು ಕೂರೋದಿಲ್ಲ ಅಂತ ನೀವೇ ಹೇಳ್ತಿದ್ರಲ್ಲ ದೊಡ್ಡ ಅಳಿಯಂದ್ರೇ? ಅವತ್ತು ಹಿಡಿದಿದ್ದೋರು ಯಾರು?"

ಹೌದಲ್ಲ, ಅನಿಸಿತು ಮೇಸ್ತ್ರಿಗೆ. ಹನ್ನೊಂದು ಹಳದಿ ಬಳೆ ಬರೆಸಿದಾಗ ಅವನಿಗೆ ಒಂದೇಟಿನ ಗನ್ನು ಮಾತ್ರ ಕಂಡಿತ್ತು. ಪ್ಲೇಟಿನ ಹಿಂದೆ ನಿಂತಿದ್ದ ತನ್ನನ್ನು, ಊರಿನವರೆಲ್ಲ ಮರೆತ ಹಾಗೆಯೇ, ತಾನೂ ಮರೆತಿದ್ದ.

"ಅತ್ತೆ, ಹಾಗನ್ಬೇಡಿ," ಅಂದ ಒಂದೇಟು. ಅವನ ದನಿ ಏರಿತ್ತು. "ಅಣ್ಣ ಹಿಡಿದಿದ್ದು ಸಡಿಲ ಆಗೋಕೆ ಸಾಧ್ಯನೇ ಇಲ್ಲ. ತಪ್ಪಿದ್ರೆ ನನ್ ಬಡಿತ ತಪ್ಪಿರ್ಬೇಕು." ಆಮೇಲೆ ಮೇಸ್ತ್ರಿಯನ್ನು ನೋಡಿ, "ಅಣ್ಣ, ನಾಳೆ ನಾನೂ ಬರ್ತೀನಿ. ಕಿತ್ತಿದ್ರಲ್ಲಿ ಒಂದು ರಿವೆಟ್ಟು ಕೊಡಿಸು, ಇಟ್ಕೋತೀನಿ" ಅಂದ.

ಬೇಡ ಅನ್ನಲು ಮೇಸ್ತ್ರಿಗೆ ಒಂದು ಕಾರಣವೂ ಸಿಗಲಿಲ್ಲ.

ಸೋಮವಾರ ಹತ್ತು ಗಂಟೆಗೆ ಗಾಡಿಗಳನ್ನು ತಡೆದು ಕೆಲಸಕ್ಕೆ ಹೊತ್ತು ಕೊಟ್ಟರು. ಸೀಟಿ ಗ್ಯಾಸ್ ಹೊತ್ತಿಸಿ, ಹಳದಿ ಬಳೆಯ ಮೊದಲ ರಿವೆಟ್ಟಿನ ತಲೆ ಸುಟ್ಟು ಹಾರಿಸಿದ. ತಲೆ ಹೋದ ಮೇಲೆ ಸಡಿಲ ರಿವೆಟ್ಟು ಉಳಿಯೊತ್ತಿ ಎರಡು ಪೆಟ್ಟು ಹಾಕಿದರೆ ಹಿಂದಿನಿಂದ ತಾನೇ ಜಾರಿ ಬೀಳಬೇಕು. ಸೀಟಿ ಎರಡು ಹಾಕಿದ. ಹತ್ತು ಹಾಕಿದ. ದೊಡ್ಡ ಸುತ್ತಿಗೆ ತರಿಸಿ ಇಪ್ಪತ್ತು ಹಾಕಿದ. ಶಿಳ್ಳೆ ನಿಂತಿತು.

"ಏನ್ ಮೇಸ್ತ್ರಿ ಇದು? ಸಡಿಲ ಅಂದ್ರಿ, ಊಟಕ್ಕೆ ಕೂತ ನೆಂಟನ ಥರ ಕೂತಿದೆ. ಏಳೋ ಮಾತೇ ಇಲ್ಲ."

ಗ್ಯಾಂಗು ನಕ್ಕಿತು. ಇಂಜಿನಿಯರ್ ನಗಲಿಲ್ಲ. ಡ್ರಿಲ್ ಹಾಕಿಸಿದಳು. ಅರ್ಧ ಕೊರೆದ ಮೇಲೆ ನಿಲ್ಲಿಸಿ, ಭೂತಗನ್ನಡಿ ಇಟ್ಟು ನೋಡಿದಳು. ರಿವೆಟ್ಟಿಗೂ ತೂತಿನ ಗೋಡೆಗೂ ನಡುವೆ ಒಂದು ಕೂದಲು ತೂರಿಸುವಷ್ಟೂ ಸಂದಿರಲಿಲ್ಲ. ಎರಡೂ ಒಂದೇ ಲೋಹವಾಗಿ ಹುಟ್ಟಿದ ಹಾಗಿತ್ತು. ಭೂತಗನ್ನಡಿಯನ್ನು ಒಂದೇಟಿನ ಕೈಗೆ ಕೊಟ್ಟಳು. ಅವನು ನೋಡಿ ಹಿಂತಿರುಗಿಸಿದ. ಅವನ ಕಣ್ಣು ಮೇಸ್ತ್ರಿಯ ಮೇಲೆ ಬಂದು ನಿಂತಿತು.

"ಮೇಸ್ತ್ರಿಗಳೇ," ಅಂದಳು ಇಂಜಿನಿಯರ್, ಮೆಲ್ಲಗೆ. "ಇದು ನಿಮ್ಮ ಬೆರಳಿನ ತಪ್ಪಾ?"

"ವಯಸ್ಸಾಯ್ತು ಮೇಡಂ," ಎಂದು ಬಾಯಿಗೆ ಬಂತು. ಅದು ಎಷ್ಟು ಸುಲಭದ ಬಾಗಿಲು! ಐವತ್ತೇಳು ವರ್ಷದವನನ್ನು ಯಾರು ಬೈಯುತ್ತಾರೆ? ಆದರೆ ಅವಳು ಮುಂದುವರಿಸಿದಳು.

"ಬೆರಳು ತಪ್ಪಿದ್ರೆ ಇದೊಂದು ಜಾಯಿಂಟಿನ ಮಾತಲ್ಲ. ಹನ್ನೊಂದು ಸಾವಿರ ರಿವೆಟ್ಟು ನಿಮ್ಮ ಬೆರಳಿನ ಮೇಲೆ ನಿಂತಿದೆ. ಗಟ್ಟಿಯಾಗಿದ್ದನ್ನ ಸಡಿಲ ಅಂದ ಬೆರಳು ಸಡಿಲ ಇದ್ದಿದ್ದನ್ನ ಗಟ್ಟಿ ಅಂದಿರ್ಬಹುದು. ಅಂಥ ಒಂದರ ಮೇಲೆ ಆ ತೂಕದ ಗಾಡಿ ಬಿಡೋಕೆ ನನ್ನಿಂದಾಗಲ್ಲ. ಏಳು ತಿಂಗಳ ಕೆಲಸ ಮೊದಲಿಂದ ನೋಡಬೇಕಾಗುತ್ತೆ. ಅದಕ್ಕೇ ಕೇಳ್ತಿದೀನಿ."

ಗ್ಯಾಂಗಿನ ಹದಿನಾಲ್ಕು ಜನ ನಿಂತಿದ್ದರು. ಏಳು ತಿಂಗಳು ಬಿಸಿಲಲ್ಲಿ ಬೆಂದವರು. ಮೇಸ್ತ್ರಿ ತನ್ನ ಎಡಗೈ ತೋರುಬೆರಳನ್ನು ನೋಡಿಕೊಂಡ. ಇಡೀ ಜೀವನದಲ್ಲಿ ಅವನದೇ ಎಂದು ಇದ್ದದ್ದು ಅದೊಂದು. ಗನ್ನು ಒಂದೇಟಿನದು, ಫೋಟೋ ಒಂದೇಟಿನದು, ಅತ್ತೆಯ ನಗುವೂ ಅವನದೇ. ಈ ಬೆರಳಿನ ಮಾತು ಮಾತ್ರ ಯಾರದ್ದೂ ಅಲ್ಲ, ತನ್ನದು. ವಯಸ್ಸಾಯಿತು ಅಂದರೆ ಮಾನ ಉಳಿಯುತ್ತದೆ, ಬೆರಳು ಹೋಗುತ್ತದೆ.

"ಬೆರಳು ತಪ್ಪಿಲ್ಲ ಮೇಡಂ," ಅಂದ.

"ಮತ್ತೆ?"

"ಬೆರಳು ಗಟ್ಟಿ ಅಂತು. ನಾನೇ ಬೇಕಂತ ಸಡಿಲ ಅಂದೆ. ಈ ಹನ್ನೊಂದು ಮಾತ್ರ. ಬೇರೆ ಒಂದೂ ಇಲ್ಲ."

"ಯಾಕೆ?"

ಒಂದೇಟು ಎರಡು ಮಾರು ದೂರದಲ್ಲಿ ನಿಂತಿದ್ದ. ನದಿಯ ಕಡೆ ನೋಡಿಕೊಂಡು ಹೇಳೋಣ ಅನಿಸಿತು. ಆದರೆ ಅವನನ್ನೇ ನೋಡಿ ಹೇಳಿದ.

"ಹೊಟ್ಟೆಕಿಚ್ಚು. ಇವನ ಮೇಲೆ."

ಸೀಟಿ ಗ್ಯಾಸಿನ ಬಾಯಿ ತಿರುಗಿಸಿ ಉರಿ ಆರಿಸಿದ. ಆ 'ಟಪ್' ಎಂಬ ಸದ್ದು ಇಡೀ ಸೇತುವೆಗೆ ಕೇಳಿಸಿತು.

ಇಂಜಿನಿಯರ್ ಪುಸ್ತಕ ಮುಚ್ಚಿದಳು. "ನಿಜ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇದನ್ನ ನಾನು ಮೇಲಕ್ಕೆ ಬರೀಲೇಬೇಕು, ಅವರು ಏನ್ ಮಾಡ್ತಾರೋ ನನಗೆ ಗೊತ್ತಿಲ್ಲ. ಇನ್ನೊಂದು ಮಾತು. ಹನ್ನೊಂದು ಸುಳ್ಳು ಹೇಳಿದವರು ಉಳಿದಿದ್ದು ನಿಜ ಅಂದ್ರೆ ಬರೀ ಮಾತಿನ ಮೇಲೆ ನಂಬೋದು ಹೇಗೆ? ಪುಸ್ತಕದಿಂದ ಕಣ್ಮುಚ್ಚಿ ನೂರು ರಿವೆಟ್ಟು ಆರಿಸ್ತೀನಿ. ಬೇರೆ ಯಾರಾದ್ರೂ ಬೆರಳಿಟ್ಟು ನೋಡ್ಲಿ. ತಾಳೆ ಆದ್ರೆ ನಿಮ್ಮ ಪುಸ್ತಕ ನಿಲ್ಲುತ್ತೆ. ನಿಮ್ಮ ಹಾಗೆ ನೋಡೋಕೆ ಬರೋರು ಯಾರಿದಾರೆ ಇಲ್ಲಿ?"

ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು. ಕಾರ್ಖಾನೆಯಲ್ಲಿ ಒಂದೇಟಿನದೂ ಈಗ ಇದೇ ಬೆರಳಿಡುವ ಕೆಲಸ; ಬಾಯ್ಲರಿನ ರಿವೆಟ್ಟಾದರೇನು, ಸೇತುವೆಯ ರಿವೆಟ್ಟಾದರೇನು? ಮೇಸ್ತ್ರಿಗೆ ಸೇತುವೆಯೇ ಒಂದು ಸಲ ಮಗ್ಗುಲು ಬದಲಿಸಿದ ಹಾಗಾಯಿತು.

ಹೀಗೆ ಆ ದಿನ ಮಧ್ಯಾಹ್ನ ಒಂದೇಟು ಮುಂದೆ ಮುಂದೆ, ಮೇಸ್ತ್ರಿ ಅವನ ಹಿಂದೆ ಹಿಂದೆ. ಒಂದೇಟು ಬಡಿದು ಹೇಳಬೇಕು, ಮೇಸ್ತ್ರಿ ಬರೆದುಕೊಳ್ಳಬೇಕು, ಇಂಜಿನಿಯರ್ ಹಳೆಯ ಪುಸ್ತಕದ ಜೊತೆ ತಾಳೆ ನೋಡಬೇಕು. ಸುತ್ತಿಗೆ ಮೇಸ್ತ್ರಿಯದೇ. ಅದನ್ನು ಬೇರೆಯವನ ಕೈಯಲ್ಲಿ ನೋಡುವುದು, ತನ್ನ ಚಪ್ಪಲಿ ಹಾಕಿಕೊಂಡು ಇನ್ನೊಬ್ಬ ನಡೆದುಹೋದ ಹಾಗಿತ್ತು.

ನಲವತ್ತನೆಯದೋ ಏನೋ, ಅಟ್ಟಣಿಗೆ ಇಳಿಯುವಾಗ ಒಂದೇಟು ಕೇಳಿದ, "ಹನ್ನೊಂದೇ ಯಾಕೆ?"

"ಕಾಲು ಭಾಗ ದಾಟ್ಬೇಕಿತ್ತು."

"ಲೆಕ್ಕ ಹಾಕಿ ಉರ್ಕೊಂಡಿದೀಯ ಅಣ್ಣ."

ಮೇಸ್ತ್ರಿ ಪೆನ್ಸಿಲ್ಲಿನ ಮೊನೆ ನೋಡಿಕೊಂಡ.

ಅರುವತ್ತೆರಡರವರೆಗೂ ಪುಸ್ತಕಕ್ಕೂ ಒಂದೇಟಿಗೂ ಒಂದೂ ಭೇದವಿಲ್ಲ. ಮೇಸ್ತ್ರಿಯ ಬೆನ್ನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗಾಗುತ್ತಿತ್ತು. ಅರುವತ್ತಮೂರನೆಯದು ಎರಡನೆಯ ಕಣ್ಣಿನ ಹಳಿಯ ಕೆಳಗಿನ ತೊಲೆಯಲ್ಲಿತ್ತು. ಒಂದೇಟು ಬಡಿದ, ನಿಂತ. ಮತ್ತೆ ಬಡಿದ.

"ಸಡಿಲ."

ಪುಸ್ತಕದಲ್ಲಿ 'ಗಟ್ಟಿ' ಎಂದಿತ್ತು. ಮೇಸ್ತ್ರಿಯ ರಕ್ತ ತಲೆಗೇರಿತು. "ಸೇಡು ತೀರಿಸ್ಕೊಳ್ತಿದೀಯಾ?"

"ಬೆರಳಿಡು."

ತೋರುಬೆರಳಿಟ್ಟ. ಒಂದೇಟು ಬಡಿದ. "ಏನೂ ಇಲ್ಲ. ಬಂಡೆ ಇದ್ದ ಹಾಗಿದೆ."

"ಆ ಬೆರಳಲ್ಲ ಅಣ್ಣ. ಉಂಗುರದ ಬೆರಳಿಡು."

"ಅದ್ಯಾವ ಶಾಸ್ತ್ರ?"

"ಇಟ್ಟು ನೋಡು."

ಇಟ್ಟ. ಒಂದೇಟು ಹಗುರಾಗಿ ಬಡಿದ. ಚರ್ಮದ ಕೆಳಗೆ ಒಂದು ಇರುವೆ ಮಗ್ಗುಲಾದ ಹಾಗೆ ಏನೋ ಆಯಿತು. ಮೇಸ್ತ್ರಿ ಉಸಿರು ಹಿಡಿದ. "ಇನ್ನೊಂದ್ಸಲ." ಮತ್ತೆ ಇರುವೆ. ತೋರುಬೆರಳಿಟ್ಟ, ಏನೂ ಇಲ್ಲ. ಉಂಗುರದ ಬೆರಳು, ಇರುವೆ. ಇಂಜಿನಿಯರ್ ಬಂದು ಭೂತಗನ್ನಡಿ ಇಟ್ಟಳು. ರಿವೆಟ್ಟಿನ ತಲೆಯ ಅಂಚಿಗೆ, ಬಣ್ಣದ ಕೆಳಗಿನಿಂದ, ಎಳೆಯಷ್ಟು ಸಣ್ಣ ತುಕ್ಕಿನ ಗೆರೆ.

ಮೇಸ್ತ್ರಿ ತನ್ನ ಕೈಯಾರೆ ಪುಸ್ತಕದಲ್ಲಿ 'ಸಡಿಲ' ಎಂದು ಬರೆದ. ಬೆಳಿಗ್ಗೆ ಹದಿನಾಲ್ಕು ಜನರ ಎದುರು ತನ್ನ ಹೊಟ್ಟೆಕಿಚ್ಚನ್ನು ಹೇಳಿಕೊಂಡಾಗಲೂ ಇಷ್ಟು ನೋವಾಗಿರಲಿಲ್ಲ.

ನೂರು ಮುಗಿದಾಗ ನಾಲ್ಕು ಗಂಟೆ. ತೊಂಬತ್ತೊಂಬತ್ತು ತಾಳೆ, ಒಂದು ತಪ್ಪು. ಇಂಜಿನಿಯರ್ ಮುಖ ತಿಳಿಯಾಯಿತು. "ನೂರಕ್ಕೆ ಒಂದು ನಡೆಯುತ್ತೆ. ಅಷ್ಟು ತಪ್ಪಿರುತ್ತೆ ಅಂತ ಲೆಕ್ಕ ಹಿಡಿದೇ ನಾವು ಪ್ಲೇಟು ಹಾಕಿರೋದು. ನಿಮ್ಮ ಪುಸ್ತಕ ನಿಲ್ಲುತ್ತೆ ಮೇಸ್ತ್ರಿಗಳೇ. ಆ ಜಾಯಿಂಟೂ ಉಳೀತು. ನಲವತ್ತೊಂದು ರಿವೆಟ್ಟು, ಒಂದು ಬೋಲ್ಟು."

ಗ್ಯಾಂಗು ನಿಟ್ಟುಸಿರು ಬಿಟ್ಟು ಸಾಮಾನು ಕಟ್ಟತೊಡಗಿತು. ಮೇಸ್ತ್ರಿ ಕದಲಲಿಲ್ಲ. ನೂರಕ್ಕೆ ಒಂದು ಅಂದರೆ ಹನ್ನೊಂದು ಸಾವಿರಕ್ಕೆ ನೂರಾ ಹತ್ತು. ತನ್ನ ಬೆರಳು ಗಟ್ಟಿ ಎಂದು ಮೊಹರು ಒತ್ತಿದ ನೂರಾ ಹತ್ತು ಇರುವೆ, ಬಣ್ಣದ ಕೆಳಗೆ ಎಲ್ಲೆಲ್ಲಿ ಅಡಗಿವೆಯೋ. ಅದಕ್ಕಿಂತ ಹೆಚ್ಚಾಗಿ, ಅವುಗಳನ್ನು ಹುಡುಕುವ ಬೆರಳು ಊರಿನಲ್ಲಿ ಒಂದೇ ಒಂದು, ಅದೂ ಈ ಮನುಷ್ಯನದು.

"ನಿಲ್ಲಲ್ಲ ಮೇಡಂ," ಅಂದ. "ಮೇಲಿನವರು ನನ್ನನ್ನ ಕೆಲಸದಲ್ಲಿಟ್ರೆ ಎಲ್ಲಾ ಮತ್ತೆ ನೋಡ್ತೀನಿ. ಈ ಬೆರಳಲ್ಲಿ." ಉಂಗುರದ ಬೆರಳೆತ್ತಿ ತೋರಿಸಿದ.

"ಒಬ್ಬರೇ ನೋಡಿದ್ರೆ ಎರಡು ತಿಂಗಳು. ಅಷ್ಟು ಹೊತ್ತು ನನ್ನ ಹತ್ರ ಇಲ್ಲ." ಒಂದೇಟಿನ ಕಡೆ ನೋಡಿದಳು. "ಇಬ್ಬರಾದ್ರೆ ಆಗಬಹುದು."

"ಅಣ್ಣನಿಗೆ ಬೇಡ ಅನ್ಸಿದ್ರೆ..." ಎಂದ ಒಂದೇಟು.

"ಬೇಡ ಅಂತ ಯಾರಂದ್ರು?" ಎಂದು ಮೇಸ್ತ್ರಿ ಗುರುಗುಟ್ಟಿದ.

ಇಂಜಿನಿಯರ್ ಪತ್ರ ಬರೆಯಲು ಹೋದಳು. ಇಬ್ಬರೂ ಪಾದಚಾರಿ ಪಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಮೇಸ್ತ್ರಿ ಕೇಳಿಯೇ ಬಿಟ್ಟ.

"ಉಂಗುರದ ಬೆರಳಿನ ವಿಷಯ ನಿನಗೆ ಯಾರು ಹೇಳಿದ್ದು?"

"ಬಾಯ್ಲರ್ ಕಾರ್ಖಾನೇಲಿ ಒಬ್ಬ ಮುದುಕ ಇದ್ದ. ತೋರುಬೆರಳು ದುಡಿದೂ ದುಡಿದೂ ಕಿವುಡಾಗಿರುತ್ತೆ, ಉಂಗುರದ ಬೆರಳು ಸೋಂಬೇರಿ, ಅದಕ್ಕೆ ಎಲ್ಲಾ ಕೇಳ್ಸುತ್ತೆ ಅಂತಿದ್ದ. ಹದಿನೈದು ವರ್ಷ ಆಯ್ತು."

"ಹದಿನೈದು ವರ್ಷ! ಪ್ರತಿ ಭಾನುವಾರ ನನ್ನೆದುರು ಕೂತು ಚಹಾ ಕುಡಿದಿದೀಯ. ಒಂದು ಮಾತು ಹೇಳೋಕಾಗ್ಲಿಲ್ವಾ?"

ಒಂದೇಟು ನದಿಗೆ ಒಂದು ಕಲ್ಲು ಎಸೆದ.

"ಹೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ. ಹೇಳಿದ್ರೆ ನೀನು ನನಗಿಂತ ಮೇಲಾಗ್ತೀಯ ಅಂತ ಬಿಟ್ಟೆ. ಸೇತುವೆ ಬಿಟ್ಟ ಮೇಲೆ ನಾಲ್ಕು ಜನ ನನಗೆ ಡಾಲಿ ಹಿಡಿದ್ರು ಅಣ್ಣ. ಒಬ್ಬನ ಕೈಯಲ್ಲೂ ಒಂದು ರಿವೆಟ್ಟು 'ಒಂದೇಟು' ಅನ್ನೋ ಹೆಸರಿಗೆ ತಕ್ಕ ಹಾಗೆ ಕೂರ್ಲಿಲ್ಲ. ಎರಡೇ ವರ್ಷಕ್ಕೆ ಗನ್ನು ಕೆಳಗಿಟ್ಟು ಬೆರಳಿಡೋ ಕೆಲಸ ಕೇಳ್ಕೊಂಡೆ. ನೀನು ನೋಡಿದ್ರೆ ಇಲ್ಲಿ ಮೇಸ್ತ್ರಿ. ವಲಯಕ್ಕೆಲ್ಲ ನಿನ್ನ ಬೆರಳಿನದೇ ಮಾತಂತೆ. ನನಗೂ ಹೊಟ್ಟೆ ಇದೆಯಲ್ಲ?"

ಮೇಸ್ತ್ರಿ ಬೈಯಬೇಕೆಂದುಕೊಂಡ. ಹದಿನೈದು ವರ್ಷ, ನೂರಾ ಹತ್ತು ರಿವೆಟ್ಟು, ಬೈಯಲು ಬೇಕಾದಷ್ಟಿತ್ತು. ಆದರೆ ಎದೆಯೊಳಗೆ, ಯಾವ ಫಲಕವೂ ಕೊಡಲಾರದ ಒಂದು ತಂಪು ಹರಡುತ್ತಿತ್ತು. ಇವನಿಗೆ, ಈ ಒಂದೇಟಿಗೆ, ತನ್ನ ಮೇಲೆ ಹೊಟ್ಟೆಕಿಚ್ಚು! ಹದಿನೈದು ವರ್ಷದಿಂದ!

"ಇನ್ನೊಂದ್ಸಲ ಹೇಳು," ಅಂದ.

"ಏನು?"

"ಅದೇ, ಹೊಟ್ಟೆ ವಿಷಯ."

"ಹೋಗಣ್ಣ," ಎಂದು ಒಂದೇಟು ಎದ್ದು ಪ್ಯಾಂಟು ಕೊಡವಿಕೊಂಡ.

ಮೇಲಿನಿಂದ ಉತ್ತರ ಶುಕ್ರವಾರ ಬಂತು. ಮೇಸ್ತ್ರಿಗೆ ಒಂದು ಖಾರದ ಪತ್ರ, ಕೆಲಸ ಮುಗಿಯುವ ತನಕ ಅವನ ಪುಸ್ತಕಕ್ಕೆ ಇನ್ನೊಬ್ಬರ ರುಜು. ಆ ಇನ್ನೊಬ್ಬ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಒಂದೇಟು ಒಂದನೆಯ ಕಣ್ಣಿನಿಂದ ಶುರು ಮಾಡಿದ, ಮೇಸ್ತ್ರಿ ಏಳನೆಯದರಿಂದ. ಹತ್ತು ಗಂಟೆಯ ಹೊತ್ತಿಗೆ ಮೇಸ್ತ್ರಿಗೆ ಎರಡು ಇರುವೆ ಸಿಕ್ಕಿದ್ದವು. ಬೆವರು ಒರೆಸಿಕೊಳ್ಳುವ ನೆಪದಲ್ಲಿ ತೊಲೆಯ ಸಂದಿನಿಂದ ಕತ್ತು ಚಾಚಿ, ಅತ್ತ ತುದಿಯಲ್ಲಿ ಬಗ್ಗಿ ನಿಂತಿದ್ದ ಆಕೃತಿಯನ್ನು ನೋಡಿದ. ಕೆಳಗೆ ಹಳದಿ ಡಬ್ಬಿ ಹಿಡಿದು ಸೀಟಿ ಬರುತ್ತಿದ್ದ.

"ಏಯ್ ಸೀಟಿ, ಆ ಕಡೆ ಎಷ್ಟು ಸಿಕ್ತಂತೆ?"

"ಮೂರು, ಮೇಸ್ತ್ರಿ."

ಮೇಸ್ತ್ರಿ ಮುಂದಿನ ರಿವೆಟ್ಟಿಗೆ ಬೆರಳಿಟ್ಟ.